ಸಿಡಿಲಿನ ತಲೆಗೆ ಕಟ್ಟಿದ ತಪ್ಪುಗಳು: ಪೆರ್ಲ–ಕಾಸರಗೋಡು ನಡುವಿನ ಒಂದು ದೂರಪ್ರವೇಶ ಪ್ರಕರಣ

ಪೆರ್ಲದ ಸಮೀಪದ ಒಂದು ಹಳ್ಳಿಯ ವಾಚನಾಲಯದಲ್ಲಿ ಹಳೆಯ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನಡೆಯುತ್ತಿದೆ. 90 ನಿಮಿಷದ ಒಂದು ಕ್ಯಾಸೆಟ್ಟನ್ನು ಸಿ.ಡಿ. ಗುಣಮಟ್ಟದಲ್ಲಿ, ಕುಗ್ಗಿಸದೆ ಇಳಿಸಿದರೆ ಅದು ಸುಮಾರು 950 ಎಂಬಿ ಜಾಗ ಹಿಡಿಯುತ್ತದೆ. ಹೀಗೆ ಇಳಿಸಿದ್ದೆಲ್ಲ ಒಂದೇ ಡಿಸ್ಕಿನಲ್ಲಿ ಉಳಿದರೆ ಕ್ಯಾಸೆಟ್ ಬೂಸ್ಟು ಹಿಡಿದು ಹಾಳಾಗುವುದಕ್ಕಿಂತ ಬೇಗ ಡಿಸ್ಕೇ ಕೈಕೊಟ್ಟೀತು ಎಂಬ ಭಯದಿಂದ, ಪ್ರತಿ ರಾತ್ರಿ ಒಂದು ಗಂಟೆಗೆ ಹೊಸ ಕಡತಗಳ ಪ್ರತಿಯು ಕಾಸರಗೋಡಿನ ವಿದ್ಯಾನಗರದಲ್ಲಿರುವ ನನ್ನ ಮನೆಯ ಯಂತ್ರಕ್ಕೆ ಬಂದು ಸೇರುವಂತೆ ಏರ್ಪಾಡು ಮಾಡಿದ್ದೆ. ವಾಚನಾಲಯದ್ದು ಡೆಬಿಯನ್ 12 ಇರುವ ಲಿನಕ್ಸ್ ಯಂತ್ರ. ಮನೆಯದ್ದರಲ್ಲಿ ಇರುವುದು ಫ್ರೀಬಿಎಸ್‌ಡಿ 14 ಎಂಬ ಬೇರೊಂದು ಕಾರ್ಯಾಚರಣ ವ್ಯವಸ್ಥೆ. ಅಲ್ಲಿಂದ ಇಲ್ಲಿಗೆ ಎಸ್‌ಎಸ್‌ಎಚ್ (ದೂರದ ಯಂತ್ರದೊಳಕ್ಕೆ ಸುರಕ್ಷಿತವಾಗಿ ಹೋಗುವ ಸಾಧನ) ಮೂಲಕ ಪ್ರವೇಶ, ಅದರ ಮೇಲೆ ಕಡತಗಳನ್ನು ಪ್ರತಿ ಮಾಡುವ ಆರ್‌ಸಿಂಕ್, ಸಮಯಕ್ಕೆ ಸರಿಯಾಗಿ ಎಬ್ಬಿಸಲು ಕ್ರಾನ್. ಮನೆಯ ಸಂಪರ್ಕಕ್ಕೆ ಬೇರೆ ಶುಲ್ಕ ಕೊಟ್ಟು ಒಂದು ಸ್ಥಿರ ವಿಳಾಸ ಪಡೆದಿದ್ದೇನೆ. ವಾಚನಾಲಯದ ಸಂಪರ್ಕಕ್ಕೆ ಅಂಥದ್ದು ಇಲ್ಲವಾದ್ದರಿಂದ ಅಲ್ಲಿಂದ ಇಲ್ಲಿಗೆ ಬರಬಹುದೇ ಹೊರತು ಇಲ್ಲಿಂದ ಅಲ್ಲಿಗೆ ಹೋಗುವ ದಾರಿ ಇಲ್ಲ. ಈ ಒಂದು ಸಂಗತಿಯಿಂದಾಗಿ ಮುಂದಿನ ತನಿಖೆಯ ಅರ್ಧಭಾಗ ಫೋನಿನಲ್ಲೇ ನಡೆಯಬೇಕಾಯಿತು.

ತುಲಾ ತಿಂಗಳ ಒಂದು ಶುಕ್ರವಾರ ಸಂಜೆ ಸಿಡಿಲು ಬಡಿದು ವಾಚನಾಲಯದ ರೌಟರ್ ಸುಟ್ಟುಹೋಯಿತು. ಕಂಪ್ಯೂಟರಿಗೆ ಏನೂ ಆಗಲಿಲ್ಲ. ಸೋಮವಾರ ಸಂಪರ್ಕ ಕೊಡುವವರ ಆಳು ಬಂದು ಹೊಸ ರೌಟರ್ ಕೂರಿಸಿ ಹೋದರು. ಮಂಗಳವಾರ ಬೆಳಿಗ್ಗೆ ವಾಚನಾಲಯ ನೋಡಿಕೊಳ್ಳುವ ಹುಡುಗಿಯ ಫೋನು ಬಂತು: "ಮಾಷ್ಟ್ರೇ, ನೆಟ್ ಬಂದಿದೆ, ಲೈಟೆಲ್ಲ ಹಸಿರೇ ಉಂಟು, ಆದರೆ ರಾತ್ರಿಯದ್ದು ಹೋಗಲಿಲ್ಲ." ಸಿಡಿಲು ಬಡಿದಿದೆ, ರೌಟರ್ ಬದಲಾಗಿದೆ, ಅದರ ಬೆನ್ನಿಗೇ ಪ್ರತಿ ನಿಂತಿದೆ, ಆದ್ದರಿಂದ ದೋಷ ಒಂದೇ, ಅದು ಹೊಸ ರೌಟರಿನಲ್ಲಿದೆ ಎಂದು ನಾನು ಕೂತಲ್ಲೇ ತೀರ್ಮಾನಿಸಿಬಿಟ್ಟೆ. ಎರಡು ದಿನ ಹಾಳಾದದ್ದಕ್ಕೆ ಈ ತೀರ್ಮಾನದಷ್ಟು ದೊಡ್ಡ ಕಾರಣ ಬೇರೊಂದಿರಲಿಲ್ಲ.

ನಿರಾಕರಿಸಿದ್ದು ಯಾರು?

ಕೇರಳದ ಶಾಲೆಗಳಲ್ಲಿ ಲಿನಕ್ಸಿನಲ್ಲೇ ಐಟಿ ಪಾಠ ಕಲಿತವಳಾದ್ದರಿಂದ ಹುಡುಗಿಗೆ ಟರ್ಮಿನಲ್ಲಿನ ಅಂಜಿಕೆ ಇರಲಿಲ್ಲ. ಗಡಿಯ ಈಚೆ ಇರುವ ನಮಗೆ ಒದಗಿದ ಅನುಕೂಲಗಳಲ್ಲಿ ಇದೂ ಒಂದು. ಕೈಯಾರೆ ಎಸ್‌ಎಸ್‌ಎಚ್ ಓಡಿಸಿ ತೆರೆಯ ಮೇಲೆ ಬಂದದ್ದನ್ನು ಅಕ್ಷರ ಬಿಡದೆ ಓದಲು ಹೇಳಿದೆ. "ಕನೆಕ್ಷನ್ ರೆಫ್ಯೂಸ್ಡ್" ಎಂದಳು.

ಪ್ರವೇಶ ಸಿಗದಾಗ ಬರುವ ಮಾತುಗಳು ಕೇಳಲು ಒಂದೇ ಬಗೆಯವಾದರೂ ಅವುಗಳ ನಡುವಿನ ಅಂತರ ದೊಡ್ಡದು. "ಟೈಮ್ಡ್ ಔಟ್" ಎಂದು ಬಂದರೆ ನಾವು ಕಳಿಸಿದ ಪ್ಯಾಕೆಟ್ಟಿಗೆ (ಮಾಹಿತಿಯ ಪೊಟ್ಟಣಕ್ಕೆ) ಉತ್ತರವೇ ಬರಲಿಲ್ಲ ಎಂದು ತಿಳಿಯಬೇಕು: ಅದು ದಾರಿಯಲ್ಲಿ ಕಳೆದುಹೋಗಿರಬಹುದು, ಇಲ್ಲವೇ ಯಾವುದೋ ಫೈರ್‌ವಾಲ್ (ಪ್ಯಾಕೆಟ್ಟುಗಳನ್ನು ಸೋಸುವ ಕಾವಲು) ಸದ್ದಿಲ್ಲದೆ ಅದನ್ನು ಬಿಸಾಡಿರಬಹುದು. "ರೆಫ್ಯೂಸ್ಡ್" ಎಂಬುದು ಹಾಗಲ್ಲ. ಆ ವಿಳಾಸದಲ್ಲಿ ಜೀವಂತವಾಗಿರುವ ಒಂದು ಯಂತ್ರ ಪ್ಯಾಕೆಟ್ಟನ್ನು ಕೈಗೆ ತೆಗೆದುಕೊಂಡು, ಎಸ್‌ಎಸ್‌ಎಚ್‌ನ ಬಾಗಿಲಾದ 22ನೇ ಪೋರ್ಟಿನಲ್ಲಿ ತನ್ನ ಕಡೆಯಿಂದ ಯಾರೂ ಕೂತಿಲ್ಲ ಎಂದು ಮರುತ್ತರ ಕೊಟ್ಟಿದೆ ಎಂಬುದು ಅದರ ಅರ್ಥ. ಎಂದರೆ ಪೆರ್ಲದಿಂದ ಹೊರಟ ಪ್ಯಾಕೆಟ್ ನನ್ನ ಮನೆಯವರೆಗೆ ಬಂದು ಮರಳಿದೆ; ಈ ಹಂತದಲ್ಲಿ ವಾಚನಾಲಯದ ಹೊಸ ರೌಟರ್ ನಿರ್ದೋಷಿ.

ಮನೆಯ ಯಂತ್ರದಲ್ಲಿ ನೋಡಿದರೆ ಎಸ್‌ಎಸ್‌ಎಚ್ ಸೇವೆ 22ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂತೇ ಇತ್ತು. ವಿಚಿತ್ರ ಕಂಡದ್ದು ಅದರ ದಾಖಲೆಯಲ್ಲಿ. ಸಾರ್ವಜನಿಕ ವಿಳಾಸದಲ್ಲಿ 22ನೇ ಪೋರ್ಟನ್ನು ತೆರೆದಿಟ್ಟವರಿಗೆ ಗೊತ್ತಿರುವಂತೆ, ಜಗತ್ತಿನ ಯಾವ್ಯಾವುದೋ ಮೂಲೆಯಿಂದ ಅಪರಿಚಿತರು ದಿನವಿಡೀ ಬಾಗಿಲು ತಟ್ಟಿ ಗುಪ್ತಪದ ಊಹಿಸಲು ನೋಡುತ್ತಾರೆ, ಆ ತಟ್ಟಾಟವೆಲ್ಲ ದಾಖಲೆಯಲ್ಲಿ ಸಾಲುಸಾಲಾಗಿ ಬೀಳುತ್ತದೆ. ಶುಕ್ರವಾರ ರಾತ್ರಿಯಿಂದ ಈಚೆಗೆ ಅಂಥ ಒಂದು ಸಾಲೂ ಇರಲಿಲ್ಲ. ಕಳ್ಳರೂ ಬಾರದ ಬಾಗಿಲಿಗೆ ನೆಂಟರು ಬರುವ ದಾರಿಯೂ ತಪ್ಪಿರಬೇಕಷ್ಟೆ.

ಆ ಸಂಜೆ ಗುಡುಗು ಕಾಸರಗೋಡಿನಲ್ಲೂ ಇತ್ತು, ಇಲ್ಲಿನ ಎಲ್ಲ ಮನೆಗಳಂತೆ ನಮ್ಮಲ್ಲೂ ಮೊದಲ ಗುಡುಗಿಗೇ ಪ್ಲಗ್ಗುಗಳನ್ನೆಲ್ಲ ಕಿತ್ತಿಟ್ಟಿದ್ದೆವು. ಮಳೆ ನಿಂತ ಮೇಲೆ ಮೊದಲು ರೌಟರ್, ಅದರ ಹಿಂದೆಯೇ ಆ ವಾರವಷ್ಟೇ ಕೊಂಡು ತಂದಿದ್ದ ಟಿವಿ ಚಾಲೂ ಆದವು. ನನ್ನ ಯಂತ್ರಕ್ಕೆ ವಿದ್ಯುತ್ ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಕರೆಂಟು ಹೋದಾಗ ರೌಟರ್ ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆನೆಂಬ ಪಟ್ಟಿಯನ್ನು ಮರೆತಿತ್ತು. ಮೊದಲು ಕೇಳಿದ ಟಿವಿಗೆ ಪಟ್ಟಿಯ ಮೊದಲ ವಿಳಾಸವನ್ನು ಕೊಟ್ಟುಬಿಟ್ಟಿತು. ಅದು ಅದುವರೆಗೆ ನನ್ನ ಯಂತ್ರದ್ದಾಗಿದ್ದ ವಿಳಾಸ. ಹೊರಗಿನಿಂದ ಬಂದದ್ದನ್ನು ಆ ವಿಳಾಸಕ್ಕೆ ಕಳಿಸಬೇಕೆಂಬ ನಿಯಮ ಮಾತ್ರ ರೌಟರಿನಲ್ಲಿ ಹಾಗೆಯೇ ಉಳಿದಿತ್ತು. ಮಂಗಳವಾರದವರೆಗೂ ಪೆರ್ಲದ ಪ್ಯಾಕೆಟ್ಟುಗಳನ್ನು ನಿರಾಕರಿಸುತ್ತಿದ್ದದ್ದು ಚಾವಡಿಯ ಟಿವಿ! ಯಂತ್ರದ ಸಂರಚನಾ ಕಡತದಲ್ಲೇ, ರೌಟರ್ ಹಂಚದಿರುವ ಒಂದು ವಿಳಾಸವನ್ನು ಸ್ಥಿರವಾಗಿ ಬರೆದು, ನಿಯಮವನ್ನು ಅದಕ್ಕೆ ತಿರುಗಿಸಿದೆ. ಹತ್ತು ನಿಮಿಷದಲ್ಲಿ ಅಪರಿಚಿತರ ತಟ್ಟಾಟ ದಾಖಲೆಯಲ್ಲಿ ಮತ್ತೆ ಶುರುವಾಯಿತು. ಅದನ್ನು ನೋಡಿ ಸಂತೋಷಪಟ್ಟದ್ದು ಜೀವನದಲ್ಲಿ ಅದೊಂದೇ ಸಲ.

ಮಾತು ನಿಂತ ಜಾಗ

ಹುಡುಗಿ ಮತ್ತೆ ಓಡಿಸಿದಾಗ ನಿರಾಕರಣೆ ಬರಲಿಲ್ಲ, ಏನೂ ಬರಲಿಲ್ಲ. ಆದೇಶಕ್ಕೆ ಮೂರು "ವಿ" ಸೇರಿಸಿದರೆ ಎಸ್‌ಎಸ್‌ಎಚ್ ತಾನು ಇಡುವ ಒಂದೊಂದು ಹೆಜ್ಜೆಯನ್ನೂ ಹೇಳುತ್ತಾ ಹೋಗುತ್ತದೆ. ಸಂಪರ್ಕ ಸಿಕ್ಕಿತು, ಎರಡೂ ಕಡೆಯವರು ತಮ್ಮ ಆವೃತ್ತಿ ಹೇಳಿಕೊಂಡರು, ಕೀಲಿ ವಿನಿಮಯದ (ಮಾತುಕತೆಯನ್ನು ಗುಪ್ತವಾಗಿಡುವ ಕೀಲಿಯನ್ನು ಇಬ್ಬರೂ ಗೊತ್ತುಮಾಡಿಕೊಳ್ಳುವ ಹಂತದ) ಪ್ರಸ್ತಾವ ಹೋಯಿತು, ಅತ್ತಲಿಂದ ಅವರ ಪ್ರಸ್ತಾವ ಬಂತು, ಬಳಿಕ ವಿನಿಮಯದ ಉತ್ತರಕ್ಕೆ ಕಾಯುತ್ತಿದ್ದೇನೆ ಎಂಬ ಸಾಲಿನಲ್ಲಿ ತೆರೆ ಕಲ್ಲಾಯಿತು. "ಅಲ್ಲೇ ನಿಂತಿದೆ ಮಾಷ್ಟ್ರೇ, ಕರ್ಸರ್ ಮಾತ್ರ ಮಿಣಿಮಿಣಿ ಆಗ್ತಾ ಉಂಟು" ಎಂದು ಎರಡು ನಿಮಿಷದ ಮೇಲೆ ಹೇಳಿದಳು.

ಇಲ್ಲಿ ನಾನು ಓದಿಕೊಂಡದ್ದೇ ನನಗೆ ಮುಳುವಾಯಿತು. ಮುಂದೆಂದೋ ಬರಬಹುದಾದ ಕ್ವಾಂಟಮ್ ಕಂಪ್ಯೂಟರುಗಳೂ ಒಡೆಯಲಾರದಂಥ ಕೀಲಿ ವಿನಿಮಯದ ವಿಧಾನವೊಂದನ್ನು 2022ರ ಏಪ್ರಿಲ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.0 ತನ್ನ ಮೊದಲ ಆಯ್ಕೆಯಾಗಿ ಮಾಡಿಕೊಂಡಿತು. ಹಳೆಯ ವಿಧಾನದಲ್ಲಿ 32 ಬೈಟ್‌ಗಳಷ್ಟೇ ಇದ್ದ ಸಾರ್ವಜನಿಕ ಕೀಲಿಗೆ ಈ ವಿಧಾನದಲ್ಲಿ ಇನ್ನೂ 1158 ಬೈಟ್‌ಗಳು ಸೇರುತ್ತವೆ. ಎರಡು ಬೇರೆ ಆವೃತ್ತಿಗಳ ನಡುವೆ ಇದರಲ್ಲಿ ಏನೋ ಹೊಂದಾಣಿಕೆ ತಪ್ಪಿದೆ ಎಂದುಕೊಂಡು, ಹಳೆಯ ಕರ್ವ್25519 ವಿಧಾನವೊಂದನ್ನೇ ಬಳಸುವಂತೆ ಆದೇಶಕ್ಕೆ ಒಂದು ಆಯ್ಕೆ ಸೇರಿಸಲು ಹೇಳಿದೆ. ತಕ್ಷಣ ಮಾತುಕತೆ ಮುಂದುವರಿಯಿತು! ನನ್ನ ಊಹೆ ಸರಿಯಾಯಿತೆಂದು ಬೀಗಿದೆ. ಹೊಂದಾಣಿಕೆ ತಪ್ಪಿದ್ದರೆ ಎಸ್‌ಎಸ್‌ಎಚ್ ಸುಮ್ಮನೆ ನಿಲ್ಲುವುದಿಲ್ಲ, ಇಬ್ಬರಿಗೂ ಒಪ್ಪಿಗೆಯಾಗುವ ವಿಧಾನ ಸಿಗಲಿಲ್ಲವೆಂದು ಸ್ಪಷ್ಟವಾಗಿ ಹೇಳಿ ಮುಗಿಸುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದನ್ನು ಆ ಕ್ಷಣ ನೆನಪಿಗೆ ತಂದುಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೆ.

ಮಾತುಕತೆ ಮುಂದುವರಿದು "ಪರ್ಮಿಷನ್ ಡಿನೈಡ್" ಎಂಬಲ್ಲಿ ಬಂದು ನಿಂತಿತು. ನಮ್ಮಲ್ಲಿ ಗುಪ್ತಪದದ ಪ್ರವೇಶವಿಲ್ಲ, ಕೀಲಿ ಮಾತ್ರ; ಆ ಕೀಲಿ ಒಪ್ಪಿಗೆಯಾಗುತ್ತಿಲ್ಲ. ಈ ದೋಷಕ್ಕೆ ಕರೆ ಮಾಡಿದ ಯಂತ್ರದಲ್ಲಿ ಎಷ್ಟು "ವಿ" ಸೇರಿಸಿದರೂ ಕಾರಣ ಕಾಣುವುದಿಲ್ಲ, ಏಕೆಂದರೆ ಹೊರಗೆ ನಿಂತವನಿಗೆ ನಿರಾಕರಣೆಯ ಕಾರಣ ಹೇಳದಿರುವುದೇ ಭದ್ರತೆಯ ಒಂದು ಭಾಗ. ಒಳಗಿನ ಯಂತ್ರದ ದಾಖಲೆಯಲ್ಲಿ ಅದು ಒಂದೇ ಸಾಲಿನಲ್ಲಿ ಇತ್ತು: ಪ್ರತಿಗಳು ಬಂದು ಸೇರುವ ಖಾತೆಯ ಮನೆ ಕಡತಕೋಶದ ಒಡೆತನ ಅಥವಾ ಅನುಮತಿ ಸರಿಯಿಲ್ಲದ್ದರಿಂದ ಪ್ರವೇಶ ನಿರಾಕರಿಸಲಾಗಿದೆ. ನೋಡಿದರೆ ಆ ಕಡತಕೋಶಕ್ಕೆ ಗುಂಪಿನ ಇತರ ಸದಸ್ಯರೂ ಬರೆಯಬಹುದೆಂಬ ಅನುಮತಿ ಇತ್ತು. ಕೀಲಿಗಳ ಪಟ್ಟಿ ಇರುವುದು ಅದರೊಳಗೇ. ಇನ್ನೊಬ್ಬರು ಬರೆಯಬಲ್ಲ ಜಾಗದಲ್ಲಿರುವ ಪಟ್ಟಿಯನ್ನು ಇನ್ನೊಬ್ಬರು ತಿದ್ದಿಯೂ ಇರಬಹುದಾದ್ದರಿಂದ ಎಸ್‌ಎಸ್‌ಎಚ್ ಅದನ್ನು ನಂಬುವುದೇ ಇಲ್ಲ. ಆ ಅನುಮತಿಯನ್ನು ತೆಗೆದೆ. ಪ್ರವೇಶ ಸಿಕ್ಕಿತು. ಮಂಗಳವಾರ ಸಂಜೆಗೆ ಪ್ರಕರಣ ಮುಗಿಯಿತೆಂದು ಇಬ್ಬರೂ ಫೋನು ಇಟ್ಟೆವು.

ಆ ಅನುಮತಿ ಕೊಟ್ಟವರು ಯಾರೆಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಉತ್ತರ ಮರುದಿನ ಸಿಕ್ಕಿತು.

ಬುಧವಾರ, ಪೆರ್ಲದಲ್ಲಿ

ರಾತ್ರಿಯ ಪ್ರತಿ ಬಂದಿರಲಿಲ್ಲ. ಕ್ರಾನ್ ಸರಿಯಾಗಿ ಎದ್ದಿತ್ತು, ಪ್ರವೇಶವೂ ಆಗಿತ್ತು, ಆರ್‌ಸಿಂಕ್ ಮೊದಲ ಕಡತದ ಹೆಸರು ಹೇಳಿ ಬೆಳಗಿನವರೆಗೂ ಅಲ್ಲೇ ನಿಂತಿತ್ತು. ಬದಿಯಡ್ಕದ ದಾರಿಯ ಬಸ್ಸು ಹಿಡಿದೆ. ಬಸ್ಸಿನಲ್ಲಿ ಕೂತು, ಲಾಗಿನ್ ಆಗುತ್ತದೆ, ಸಣ್ಣ ಆದೇಶಗಳು ನಡೆಯುತ್ತವೆ, ದೊಡ್ಡದೇನನ್ನಾದರೂ ಕಳಿಸಹೊರಟರೆ ಮಾತ್ರ ನಿಲ್ಲುತ್ತದೆ ಎಂಬ ಮೂರು ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಮಂಗಳವಾರದ ನನ್ನ ಊಹೆಯ ಟೊಳ್ಳು ಕಾಣತೊಡಗಿತು. ಕೀಲಿ ವಿನಿಮಯದ ವಿಧಾನ ಬದಲಿಸಿದಾಗ ಆದ ಬದಲಾವಣೆ ನಿಜವಾಗಿ ಗಾತ್ರದ್ದು. ಒಂದೇ ವಿಧಾನವನ್ನು ಉಳಿಸಿಕೊಂಡದ್ದರಿಂದ ಯಂತ್ರ ಕಳಿಸುವ ಪ್ರಸ್ತಾವದ ಪಟ್ಟಿ ಕಿರಿದಾಗಿ ಒಂದೇ ಸಾಧಾರಣ ಪ್ಯಾಕೆಟ್ಟಿನಲ್ಲಿ ಹಿಡಿಸಿತು. ಪಟ್ಟಿ ಪೂರ್ತಿ ಇದ್ದಾಗ ಅದು ಒಂದೂವರೆ ಸಾವಿರ ಬೈಟ್‌ಗಳ ಆಸುಪಾಸಿನದ್ದಾಗಿದ್ದು, ಒಂದು ಭರ್ತಿ ಪ್ಯಾಕೆಟ್ಟನ್ನೂ ಬಾಲದಂತೆ ಇನ್ನೊಂದನ್ನೂ ಬೇಡುತ್ತಿತ್ತು. ಆ ಭರ್ತಿ ಪ್ಯಾಕೆಟ್ ದಾರಿಯಲ್ಲಿ ಎಲ್ಲೋ ಸಾಯುತ್ತಿದೆ.

ವಾಚನಾಲಯದಲ್ಲಿ ಹುಡುಗಿ ಇನ್ನೊಂದು ಮಾತು ಹೇಳಿದಳು: ಆ ಕಂಪ್ಯೂಟರಿನಿಂದ ಮಿಂಚಂಚೆ ಓದಬಹುದು, ಚಿತ್ರ ಲಗತ್ತಿಸಿ ಕಳಿಸಲು ಆಗುವುದಿಲ್ಲ, ಅದೇ ರೌಟರಿನ ವೈಫೈಯಲ್ಲಿ ಮೊಬೈಲಿನಿಂದ ಕಳಿಸಿದರೆ ಹೋಗುತ್ತದೆ. ಇಡೀ ಪ್ರಕರಣದಲ್ಲಿ ಇದಕ್ಕಿಂತ ಬೆಲೆಬಾಳುವ ಸುಳಿವು ಇರಲಿಲ್ಲ. ತಂತಿ ಒಂದೇ, ರೌಟರ್ ಒಂದೇ, ಮೊಬೈಲಿಗೆ ಆಗುವುದು ಕಂಪ್ಯೂಟರಿಗೆ ಆಗುವುದಿಲ್ಲವೆಂದರೆ ಕಾರಣದ ಅರ್ಧವಾದರೂ ಕಂಪ್ಯೂಟರಿನೊಳಗಿರಬೇಕು.

ಆರ್‌ಸಿಂಕ್ ಓಡಿಸಿ, ಪಕ್ಕದ ಕಿಟಕಿಯಲ್ಲಿ, ಬಂದುಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ತೆರೆದೆ. ತೆರೆಯ ಮೇಲೆ ಕಂಡದ್ದು ಇಷ್ಟು: ಕಂಪ್ಯೂಟರ್ 1500 ಬೈಟ್‌ಗಳ ಒಂದು ಪ್ಯಾಕೆಟ್ ಹೊರಗೆ ಬಿಡುತ್ತದೆ. ಮರುಕ್ಷಣವೇ ಪಕ್ಕದ ರೌಟರಿನಿಂದ ಒಂದು ಚಿಕ್ಕ ಐಸಿಎಂಪಿ (ಜಾಲದ ತೊಂದರೆ ತಿಳಿಸುವ) ಸಂದೇಶ ಬರುತ್ತದೆ: ಇದನ್ನು ತುಂಡು ಮಾಡಬೇಕಾಗಿದೆ, ಮುಂದಿನ ದಾರಿಯ ಎಂಟಿಯು (ಹಿಡಿಸುವ ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1492. ಕಂಪ್ಯೂಟರ್ ಅದನ್ನು ಕೇಳಿಸಿಕೊಂಡ ಲಕ್ಷಣವೇ ಇಲ್ಲದೆ ಸ್ವಲ್ಪ ಹೊತ್ತಿನಲ್ಲಿ ಅದೇ 1500 ಬೈಟ್‌ಗಳ ಪ್ಯಾಕೆಟ್ಟನ್ನು ಮತ್ತೆ ಬಿಡುತ್ತದೆ. ರೌಟರ್ ಅದೇ ಮಾತನ್ನು ಮತ್ತೆ ಹೇಳುತ್ತದೆ. ಸರದಿಯ ನಡುವಿನ ಬಿಡುವು ಪ್ರತಿ ಸಲವೂ ಇಮ್ಮಡಿಯಾಗುತ್ತಿತ್ತು. ಕಿವುಡನ ಮುಂದೆ ನಿಂತು ದಾರಿ ಕಿರಿದಾಗಿದೆ ಎಂದು ಕೂಗುವವನಂತೆ ಇತ್ತು ಆ ರೌಟರಿನ ಪಾಡು.

ಗಣಿತ ಸರಳವಾದದ್ದು. ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ ಸಾಧಾರಣವಾಗಿ 1500 ಬೈಟ್. ನಮ್ಮ ಕಡೆಯ ಹಲವು ಮನೆ ಸಂಪರ್ಕಗಳಂತೆ ವಾಚನಾಲಯದ್ದೂ ಪಿಪಿಪಿಓಇ ಬಗೆಯದ್ದು. ಬಳಕೆದಾರರ ಹೆಸರು, ಗುಪ್ತಪದ ಕೊಟ್ಟು ರೌಟರ್ ಒಳಹೋಗುವ ಈ ವ್ಯವಸ್ಥೆಯಲ್ಲಿ ಪ್ರತಿ ಪ್ಯಾಕೆಟ್ಟಿಗೂ 8 ಬೈಟ್‌ಗಳ ಹೊದಿಕೆ ಹೆಚ್ಚುತ್ತದೆ. ಒಳಗೆ ಉಳಿಯುವುದು 1492. ತುಂಡು ಮಾಡಬಾರದೆಂಬ ಗುರುತು ಹೊತ್ತ ದೊಡ್ಡ ಪ್ಯಾಕೆಟ್ ಬಂದರೆ ದಾರಿಯ ಯಂತ್ರ ಅದನ್ನು ಬಿಸಾಡಿ, ಮುಂದೆ ಎಷ್ಟು ಹಿಡಿಸುತ್ತದೆಂದು ಕಳಿಸಿದವನಿಗೆ ತಿಳಿಸಬೇಕು, ಕಳಿಸಿದವನು ಗಾತ್ರ ತಗ್ಗಿಸಬೇಕು. 1990ರಿಂದ ಲಿಖಿತವಾಗಿರುವ ಒಪ್ಪಂದವಿದು. ರೌಟರ್ ತನ್ನ ಪಾಲಿನದ್ದನ್ನು ಮಾಡುತ್ತಿತ್ತು.

ಮಾಡದಿದ್ದವನು ನಾನು. ಆ ಕಂಪ್ಯೂಟರಿನ ಫೈರ್‌ವಾಲ್ ನಿಯಮಗಳನ್ನು ಬರೆದುಕೊಟ್ಟಾಗ, ಪಿಂಗ್‌ಗೆ (ಇದ್ದೀಯಾ ಎಂದು ಕೇಳುವ ಐಸಿಎಂಪಿ ಕರೆಗೆ) ಉತ್ತರಿಸದ ಯಂತ್ರ ಕಳ್ಳರ ಕಣ್ಣಿಗೆ ಬೀಳುವುದಿಲ್ಲವೆಂಬ ಹಳೆಯ ನಂಬಿಕೆಯಿಂದ, ಒಳಬರುವ ಐಸಿಎಂಪಿಯನ್ನೆಲ್ಲ ಬಿಸಾಡುವ ಸಾಲೊಂದನ್ನು ಸೇರಿಸಿದ್ದೆ. ಈಗಾಗಲೇ ನಡೆಯುತ್ತಿರುವ ಸಂಪರ್ಕಗಳಿಗೆ ಸಂಬಂಧಪಟ್ಟದ್ದನ್ನು ಒಳಬಿಡುವ ಸಾಲು ಅದರ ಕೆಳಗಿತ್ತು. ನಿಯಮಗಳು ಮೇಲಿನಿಂದ ಕೆಳಗೆ ಅನ್ವಯವಾಗುವುದರಿಂದ ರೌಟರಿನ ಎಚ್ಚರಿಕೆ ಆ ಸಾಲಿನವರೆಗೆ ತಲುಪುವ ಮೊದಲೇ ಕಸದ ಬುಟ್ಟಿ ಸೇರುತ್ತಿತ್ತು. ಟಿಸಿಪಿಡಂಪ್ ಒಳಬರುವ ಪ್ಯಾಕೆಟ್ಟುಗಳನ್ನು ಫೈರ್‌ವಾಲ್‌ಗಿಂತ ಮುಂಚೆಯೇ ನೋಡುವುದರಿಂದ ಅದಕ್ಕೆ ಕಂಡದ್ದು ಯಂತ್ರದ ಒಳಮನಸ್ಸಿಗೆ ಕಾಣುತ್ತಿರಲಿಲ್ಲ.

ಹಾಗಾದರೆ ಸಿಡಿಲಿಗೆ ಮೊದಲು ಇದೇ ನಿಯಮವಿದ್ದೂ ಪ್ರತಿಗಳು ಹೋಗುತ್ತಿದ್ದದ್ದು ಹೇಗೆ? ಸುಟ್ಟುಹೋದ ರೌಟರ್ ನನ್ನ ತಪ್ಪನ್ನು ತಾನಾಗಿ ಮುಚ್ಚಿಕೊಂಡು ಬಂದಿತ್ತು. ಎಸ್‌ಎಸ್‌ಎಚ್ ಬಳಸುವ ಟಿಸಿಪಿ ಸಂಪರ್ಕದ ಆರಂಭದಲ್ಲಿ ಎರಡೂ ಕಡೆಯವರು ತಾವು ಒಂದು ಸಲಕ್ಕೆ ಎಷ್ಟು ದೊಡ್ಡ ತುಂಡನ್ನು ಸ್ವೀಕರಿಸುವೆವೆಂದು ಹೇಳಿಕೊಳ್ಳುತ್ತಾರೆ. ಈಥರ್ನೆಟ್ ಲೆಕ್ಕದಲ್ಲಿ ಅದು, 40 ಬೈಟ್‌ಗಳ ತಲೆಬರಹ ಕಳೆದು, 1460. ಹಳೆಯ ರೌಟರ್ ದಾರಿಯಲ್ಲೇ ಆ ಸಂಖ್ಯೆಯನ್ನು 1452 ಎಂದು ತಿದ್ದುತ್ತಿದ್ದುದರಿಂದ ದೊಡ್ಡ ಪ್ಯಾಕೆಟ್ ಹುಟ್ಟುತ್ತಲೇ ಇರಲಿಲ್ಲ. ಹೊಸ ರೌಟರಿನಲ್ಲೂ ಅದೇ ಸೌಲಭ್ಯವಿತ್ತು, ಆದರೆ ಅದನ್ನು ಚಾಲೂ ಮಾಡಿರಲಿಲ್ಲ. ಕೂರಿಸಲು ಬಂದವರನ್ನು ಇದಕ್ಕೆ ದೂರುವ ಮನಸ್ಸು ನನಗಿಲ್ಲ. ಎಚ್ಚರಿಕೆ ಕೇಳಿಸಿಕೊಳ್ಳುವ ಕಿವಿಯಿದ್ದ ಮೊಬೈಲಿಗೆ ಅದಿಲ್ಲದೆಯೂ ನಡೆಯುತ್ತಿತ್ತಲ್ಲ.

ಒಂದೊಂದೇ ಬದಲಾವಣೆ ಮಾಡಿ ನೋಡಿದೆವು. ಮೊದಲು ಫೈರ್‌ವಾಲ್‌ನಲ್ಲಿ ಆ ಎರಡು ಸಾಲುಗಳನ್ನು ಅದಲುಬದಲು ಮಾಡಿ, ತಲುಪಲಾಗದ್ದನ್ನು ತಿಳಿಸುವ ಐಸಿಎಂಪಿ ಸಂದೇಶಗಳನ್ನು ಸ್ಪಷ್ಟವಾಗಿ ಒಳಬಿಟ್ಟೆವು. ತುಂಡು ಮಾಡಬಾರದೆಂಬ ಗುರುತಿನೊಂದಿಗೆ 1464 ಬೈಟ್‌ಗಳ ಪಿಂಗ್ ಹೋಗಿಬಂತು. 28 ಬೈಟ್‌ಗಳ ತಲೆಬರಹ ಸೇರಿ ಅದು ಸರಿಯಾಗಿ 1492. ಒಂದೇ ಒಂದು ಬೈಟ್ ಹೆಚ್ಚಿಸಿದರೆ ಹೋಗಲಿಲ್ಲ, ಆದರೆ ಏಕೆ ಹೋಗಲಿಲ್ಲವೆಂದು ಈ ಸಲ ಯಂತ್ರವೇ ಹೇಳಿತು. ಮನೆಯ ವಿಳಾಸಕ್ಕೆ ಹೋಗುವ ದಾರಿಯನ್ನು ಲಿನಕ್ಸ್‌ನಲ್ಲಿ ಕೇಳಿ ನೋಡಿದಾಗ ಎಂಟಿಯು 1492, ಇನ್ನು ಹತ್ತು ನಿಮಿಷಕ್ಕೆ ಕೆಲವೇ ಸೆಕೆಂಡು ಕಡಿಮೆ ಅವಧಿಯವರೆಗೆ, ಎಂಬ ಟಿಪ್ಪಣಿಯೂ ಕಂಡಿತು: ಕೇಳಿಸಿಕೊಂಡದ್ದನ್ನು ಅಷ್ಟು ಹೊತ್ತು ನೆನಪಿಟ್ಟುಕೊಳ್ಳುವುದು ಲಿನಕ್ಸ್‌ನ ರೂಢಿ. ಮಂಗಳವಾರ ಸೇರಿಸಿದ್ದ ಕೀಲಿ ವಿನಿಮಯದ ಆಯ್ಕೆಯನ್ನು ತೆಗೆದುಹಾಕಿ ಹೊಸ ವಿಧಾನದಲ್ಲೇ ಲಾಗಿನ್ ಮಾಡಿದೆವು, ತಡೆಯಲಿಲ್ಲ. ಆರ್‌ಸಿಂಕ್ ಓಡಿತು. ಬಳಿಕ ರೌಟರಿನ ಆ ಸೌಲಭ್ಯವನ್ನೂ ಚಾಲೂ ಮಾಡಿದೆವು, ಏಕೆಂದರೆ ನಾಳೆ ವಾಚನಾಲಯಕ್ಕೆ ನನ್ನಂಥವನೇ ಇನ್ನೊಬ್ಬ ಹೊಸ ಫೈರ್‌ವಾಲ್ ಬರೆಯಲಾರನೆಂದು ಹೇಳಲಾಗದು.

ತೆರೆಯದ ಪತ್ರಗಳು

ಹೊರಡುವ ಮೊದಲು, ಪ್ರತಿ ನಿಂತದ್ದು ಸರಿಯಾಗಿ ಯಾವ ರಾತ್ರಿಯಿಂದ ಎಂದು ಬರೆದಿಟ್ಟುಕೊಳ್ಳಲು ದಾಖಲೆ ಕೇಳಿದೆ. ತಾನು ಓಡಿಸಿದ ಕೆಲಸ ದೋಷದ ಮಾತೋ ಇನ್ನೇನೋ ಹೊರಹಾಕಿದರೆ ಕ್ರಾನ್ ಅದನ್ನು ಪತ್ರವಾಗಿ ಕಳಿಸುತ್ತದೆ, ಆದರೆ ಬೇರೆ ಏರ್ಪಾಡು ಮಾಡದಿದ್ದರೆ ಅದು ಬೀಳುವುದು ಆ ಯಂತ್ರದೊಳಗಿನ ಅಂಚೆಪೆಟ್ಟಿಗೆಗೆ. ಅದನ್ನು ನಾವಿಬ್ಬರೂ ಒಮ್ಮೆಯೂ ತೆರೆದಿರಲಿಲ್ಲ. ತೆರೆದಾಗ ಸಿಡಿಲು ಬಡಿದ ವಾರದ ಬುಧವಾರ, ಗುರುವಾರ, ಶುಕ್ರವಾರಗಳ ನಸುಕಿನ ಮೂರು ಪತ್ರಗಳು ಸಿಕ್ಕಿದವು. ಮೂರರಲ್ಲೂ "ಪರ್ಮಿಷನ್ ಡಿನೈಡ್". ಮೂರೂ ಸಿಡಿಲಿಗಿಂತ ಮೊದಲಿನವು.

ಸಿಡಿಲಿಗೆ ಮೂರು ದಿನ ಮೊದಲಿನ ಮಂಗಳವಾರ ಸಂಜೆ ನಾನು ಮನೆಯವರ ಖಾತೆಯಿಂದಲೂ ಫೋಟೊಗಳನ್ನು ಹಾಕಲು ಅನುಕೂಲವಾಗಲೆಂದು ಪ್ರತಿಗಳ ಕಡತಕೋಶಕ್ಕೆ ಗುಂಪಿನ ಬರೆಯುವ ಅನುಮತಿ ಕೊಟ್ಟಿದ್ದೆ. ಪ್ರತಿ ನಿಂತದ್ದು ಆಗ. ಶುಕ್ರವಾರ ಸಿಡಿಲು ಬಡಿಯದಿದ್ದರೆ, ರೌಟರ್ ಸುಡದಿದ್ದರೆ, ಹುಡುಗಿ ಫೋನು ಮಾಡುತ್ತಿರಲಿಲ್ಲ. ನಾನು ನೋಡುತ್ತಲೂ ಇರಲಿಲ್ಲ.

ಆ ಪತ್ರಗಳು ಈಗ ಅವಳ ಮತ್ತು ನನ್ನ ಮಿಂಚಂಚೆಗೆ ಬರುತ್ತವೆ. ಕೆಟ್ಟಾಗ ಮಾತ್ರವಲ್ಲ, ಸರಿಯಾಗಿ ಮುಗಿದಾಗಲೂ ಎಷ್ಟು ಕಡತ ಹೋಯಿತೆಂಬ ಒಂದು ಸಾಲು ಬರುವಂತೆ ಮಾಡಿದ್ದೇವೆ. ಬಾಕಿ ಉಳಿದಿದ್ದ ಹನ್ನೊಂದು ಕ್ಯಾಸೆಟ್‌ಗಳ ಕಡತಗಳು ಬಂದು ಮುಗಿದಾಗ ಗುರುವಾರ ಬೆಳಗಿನ ಐದೂವರೆ ಗಂಟೆ, ಆರು ಗಂಟೆಗೆ ಹುಡುಗಿಯ ಸಂದೇಶವೂ ಬಂತು: "ಮಾಷ್ಟ್ರೇ, ಹನ್ನೊಂದೂ ಬಂದಿದೆಯಾ ಒಮ್ಮೆ ಎಣಿಸಿ ನೋಡಿ."